ಹಗ್ಗರ್-ಮಗ್ಗರ್ ಕಟ್ಟುಗಳು

ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುವ ಮೂರು ವಾರ ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರಿಗೆ ಒಂದೇ ನಿಯಮ: ಅಕ್ಷರ ಓದಬೇಕು, ಅರ್ಥ ಓದಬಾರದು. ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದರು. ಓದಿ ಅರ್ಥ ಮಾಡಿಕೊಂಡಿದ್ದೇನೆ ಎಂದು ಅದರ ಕೆಳಗೆ ಸಹಿಯನ್ನೂ ಹಾಕಿಸಿಕೊಂಡಿದ್ದರು.

ವರ್ಷದ ಉಳಿದ ದಿನಗಳಲ್ಲಿ ನಾವು ಡೈರಿ, ರಸೀದಿ ಪುಸ್ತಕ, ಔಷಧದ ಡಬ್ಬಿಯೊಳಗೆ ಮಡಚಿಡುವ ಯಾರೂ ಬಿಚ್ಚಿ ನೋಡದ ಕಾಗದ, ಇಂಥವನ್ನೆಲ್ಲ ಅಚ್ಚು ಹಾಕುತ್ತೇವೆ. ಆಗ ಅರ್ಥ ಓದಿದರೂ ಯಾರೂ ಕೇಳುವುದಿಲ್ಲ. ಆದರೆ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯ ಕೆಲಸ ಬಂದಿತೆಂದರೆ ಪ್ರೆಸ್ಸಿನ ಕಿಟಕಿಗಳಿಗೆ ಕರಿ ಕಾಗದ ಬರುತ್ತದೆ. ಮೆಷಿನ್ ನಡೆಸುವವರು ಬಾಗಿಲಲ್ಲಿ ತಮ್ಮ ಕನ್ನಡಕ ಬಿಚ್ಚಿ ಬುಟ್ಟಿಗೆ ಹಾಕಿ ಒಳಗೆ ಹೋಗಬೇಕು. ಅವರು ಅಚ್ಚಾದದ್ದನ್ನು ಓದಬಾರದಲ್ಲ! ಕಳೆದ ವರ್ಷ ಒಬ್ಬರು ಮೆಷಿನ್ನಿಗೆ ಶಾಯಿ ಹಾಕುವ ಬದಲು ಚಹಾ ಹಾಕಿದ್ದರು.

ಪ್ರೂಫ್ ನೋಡುವವರು ಇಬ್ಬರು. ಬೆಸ ಸಂಖ್ಯೆಯ ಸಾಲುಗಳು ನನಗೆ, ಸಮ ಸಂಖ್ಯೆಯವು ನನ್ನ ಪಕ್ಕದವರಿಗೆ. ನಡುವೆ ಹಲಗೆಯ ಅಡ್ಡಗೋಡೆ. ಅವರನ್ನು ಇಡೀ ಪ್ರೆಸ್ಸು ‘ಸಮಸಾಲಿನವರು’ ಎಂದೇ ಕರೆಯುವುದು. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಷರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವ ಮನುಷ್ಯ. ನಿಯಮವೆಂದರೆ ನಿಯಮ.

ಇದೆಲ್ಲದರ ಮೇಲೆ ಪ್ರತಿವರ್ಷ ಒಂದು ಹೇಳಿಕೆಗೆ ಸಹಿ ಹಾಕಬೇಕು. ‘ನನ್ನ ಮಕ್ಕಳಾಗಲಿ, ಮೊಮ್ಮಕ್ಕಳಾಗಲಿ, ತಮ್ಮ ತಂಗಿಯರಾಗಲಿ ಈ ವರ್ಷ ಪರೀಕ್ಷೆ ಬರೆಯುತ್ತಿಲ್ಲ.’ ಬರೆಯುತ್ತಿದ್ದರೆ ಮೂರು ತಿಂಗಳು ಮನೆಯಲ್ಲಿರಬೇಕು. ಕಾಯಂ ಆದವರು ಮನೆಯಲ್ಲಿದ್ದು ವಾಪಸ್ಸು ಬರುತ್ತಾರೆ. ನನ್ನಂಥ ಆರು ವರ್ಷದ ಟೆಂಪರರಿಗಳು ಹೋದರೆ ಹೋದ ಹಾಗೆ. ಕುರ್ಚಿ ಬಿಸಿ ಆರುವ ಮೊದಲು ಇನ್ನೊಬ್ಬರು ಕೂತಿರುತ್ತಾರೆ. ಈ ವರ್ಷ ಪರೀಕ್ಷೆ ಕೆಲಸ ಮುಗಿದ ಮೇಲೆ ನನ್ನನ್ನು ಕಾಯಂ ಮಾಡುತ್ತೇನೆಂದು ಪ್ರೆಸ್ಸಿನ ಯಜಮಾನರು ಹೇಳಿದ್ದರು. ಈ ವರ್ಷವೇ ನನ್ನ ಮಗಳು ಪರೀಕ್ಷೆ ಬರೆಯುವವಳಿದ್ದಳು.

ಸಹಿ ಹಾಕಿದೆ. ಯೋಚಿಸಲಿಲ್ಲ. ಯೋಚಿಸಲು ಪುರುಸೊತ್ತೆಲ್ಲಿ? ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಗಳ ಅಪ್ಪನ ವಿಷಯ ಇಲ್ಲಿ ಬೇಡ, ಅದು ಬೇರೆಯೇ ಅಚ್ಚಿನ ತಪ್ಪು. ಮಗಳಿಗೆ ನಾನು ಪ್ರೆಸ್ಸಿನಲ್ಲಿ ಡೈರಿಯ ಕೆಲಸ ಮಾಡುತ್ತಿದ್ದೇನೆ ಎಂದಷ್ಟೇ ಗೊತ್ತಿತ್ತು.

ಈ ವರ್ಷದ ಹೊಸದೆಂದರೆ ಗಪ್‌ಚುಪ್ ಸಾಹೇಬರು. ಯಜಮಾನರ ಬಾಮೈದ. ಮೂರು ಕಡೆ ಮೂರು ವ್ಯಾಪಾರ ಮಾಡಿ, ಮೂರನ್ನೂ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿ ಬಂದವರು. ಆ ಅನುಭವದ ಮೇಲೆ ಅವರನ್ನು ಗುಟ್ಟಿನ ಉಸ್ತುವಾರಿಗೆ ಹಾಕಿದ್ದರು. ‘ಊಟ ಆಯ್ತಾ’ ಎನ್ನುವುದನ್ನೂ ಅಕ್ಕಪಕ್ಕ ನೋಡಿ ಕಿವಿಯ ಹತ್ತಿರ ಬಂದು ಕೇಳುವ ಮನುಷ್ಯ. ಹೆಸರಿಟ್ಟವರು ಬೈಂಡರ್ ಅಜ್ಜ. ಪ್ರೆಸ್ಸಿನಲ್ಲಿ ಎಲ್ಲರಿಗಿಂತ ಹಳಬರು, ಯಜಮಾನರನ್ನು ಚಡ್ಡಿಯಲ್ಲಿ ಕಂಡವರು.

ಮೊದಲ ಸೋಮವಾರ ಗಪ್‌ಚುಪ್ ನಮ್ಮನ್ನೆಲ್ಲ ಗೋದಾಮಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿಸಿದರು.

“ಇನ್ಮೇಲೆ ಇಲ್ಲಿ ಗಣಿತ ಇಲ್ಲ, ವಿಜ್ಞಾನ ಇಲ್ಲ, ಸಮಾಜ ಇಲ್ಲ, ಭಾಷೆ ಇಲ್ಲ. ನಾಲ್ಕು ಗುಪ್ತನಾಮ ಇವೆ.” ಜೇಬಿನಿಂದ ಚೀಟಿ ತೆಗೆದರು. “ಹಗ್ಗರ್-ಮಗ್ಗರ್. ಹೆಲ್ಟರ್-ಸ್ಕೆಲ್ಟರ್. ಹಿಗ್ಗಲ್ಡಿ-ಪಿಗ್ಗಲ್ಡಿ. ಹೋಕಸ್-ಪೋಕಸ್.”

ಯಾರೋ ಹಿಂದೆ ಕಿಸಕ್ಕೆಂದರು.

“ಇಂಗ್ಲಿಷಿನಲ್ಲಿ ಹಿಂಗೆ ಪ್ರಾಸ ಹಾಕ್ಕೊಂಡು ಓಡಾಡೋ ಪದಗಳು ಬೇಕಾದಷ್ಟಿವೆ,” ಎಂದರು ಗಪ್‌ಚುಪ್, ಅವೆಲ್ಲ ತಮ್ಮ ತೋಟದ್ದೇ ಎನ್ನುವಂತೆ. “ಶತ್ರು ಯಾವಾಗ್ಲೂ ಗಂಭೀರವಾದ ಹೆಸರು ಹುಡುಕ್ತಾನೆ. ನಾವು ತಮಾಷೆ ಹೆಸರಿಡ್ತೀವಿ. ಅವನು ನಗೋದ್ರಲ್ಲಿ ನಾವು ಕೆಲಸ ಮುಗಿಸಿರ್ತೀವಿ.”

“ಶತ್ರು ಅಂದ್ರೆ ಯಾರು ಸಾಹೇಬ್ರೆ?” ಎಂದರು ಅಜ್ಜ.

“ಹತ್ತನೇ ಕ್ಲಾಸಿನ ಮಕ್ಕಳು.”

“ಓಹೋ. ಹಗ್ಗ ಗೊತ್ತು, ಮಗ್ಗ ಗೊತ್ತು. ಈ ಹಗ್ಗರ್-ಮಗ್ಗರ್ ಅಂದ್ರೇನು?”

“ಕದ್ದುಮುಚ್ಚಿ ಮಾಡೋ ಕೆಲಸ ಅಂತ. ಹೆಲ್ಟರ್-ಸ್ಕೆಲ್ಟರ್ ಅಂದ್ರೆ ದಿಕ್ಕಾಪಾಲಾಗಿ ಓಡೋದು. ಹಿಗ್ಗಲ್ಡಿ-ಪಿಗ್ಗಲ್ಡಿ ಅಂದ್ರೆ ಚೆಲ್ಲಾಪಿಲ್ಲಿ. ಹೋಕಸ್-ಪೋಕಸ್ ಅಂದ್ರೆ ಕಣ್ಕಟ್ಟು.”

“ನಮ್ಮಲ್ಲೂ ಇವೆಯಲ್ಲ ಸಾರ್,” ಎಂದೆ ನಾನು. “ಗುಸುಗುಸು, ಗಲಿಬಿಲಿ, ಅಡ್ಡಾದಿಡ್ಡಿ...”

“ಅವು ಎಲ್ರಿಗೂ ಗೊತ್ತಾಗ್ತವೆ ಮೇಡಂ. ಗೊತ್ತಾಗೋದು ಗುಟ್ಟು ಹೇಗಾಗುತ್ತೆ?”

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವರು ಎರಡು ಏರ್ಪಾಡು ಮಾಡಿದರು. ಒಂದು, ಯಾವ ವಿಷಯದ ಎಲ್ಲ ಪ್ರತಿಗಳೂ ಒಂದೇ ವಾರದಲ್ಲಿ ಅಚ್ಚಾಗಬಾರದು. ಪ್ರತಿವಾರ ನಾಲ್ಕೂ ವಿಷಯಗಳ ಮೂರನೇ ಒಂದು ಪಾಲು ಪ್ರತಿಗಳು, ಪ್ರತಿವಾರವೂ ಹೊಸದಾಗಿ ಪ್ರೂಫ್. ಎರಡು, ಪ್ರತಿ ಸೋಮವಾರ ಗುಪ್ತನಾಮಗಳು ಅದಲುಬದಲು. ಈ ವಾರ ಹಗ್ಗರ್-ಮಗ್ಗರ್ ಆಗಿದ್ದದ್ದು ಬರುವ ವಾರ ಹೋಕಸ್-ಪೋಕಸ್. ಯಾವ ವಾರ ಯಾವುದು ಯಾವುದು ಎಂದು ಅವರ ಚೀಟಿಯಲ್ಲಿರುತ್ತದೆ. ಶನಿವಾರ ಚೀಟಿಯನ್ನು ಚಹಾ ಕಾಯಿಸುವ ಒಲೆಗೆ ಹಾಕಿ, ಬೂದಿಯನ್ನು ಚಮಚದಲ್ಲಿ ಕದಡಿ ಬರುತ್ತಿದ್ದರು.

“ಮರ್ತುಹೋದ್ರೆ?” ಎಂದು ಯಜಮಾನರೇ ಒಮ್ಮೆ ಕೇಳಿದರು.

“ಎಲ್ಲ ಇಲ್ಲಿದೆ ಭಾವ,” ಎಂದು ಗಪ್‌ಚುಪ್ ಬೆರಳಿಂದ ತಲೆ ಕುಟ್ಟಿಕೊಂಡರು. “ನೀವೂ ಕೇಳ್ಬೇಡಿ.”

“ಆಯ್ತಪ್ಪ, ನಂಗೂ ಹೇಳ್ಬೇಡ,” ಎಂದರು ಯಜಮಾನರು, ದೊಡ್ಡ ಭಾರ ಇಳಿದವರಂತೆ.

ನಾನು ಬೆಸ ಸಾಲು ಓದಿದೆ. ಅಕ್ಷರವನ್ನಷ್ಟೇ ಓದಬೇಕೆಂದು ನಿಜವಾಗಿಯೂ ಪ್ರಯತ್ನಪಟ್ಟೆ. ‘ಗೋಡೆಗೆ ಒರಗಿಸಿದ ಏಣಿಯ ಬುಡವು’ ಎಂಬಲ್ಲಿ ದೀರ್ಘ ಸರಿಯಿದೆಯೇ, ಒತ್ತು ಸರಿಯಿದೆಯೇ ಎಂದು ನೋಡುವಷ್ಟರಲ್ಲಿ ತಲೆಯೊಳಗೆ ಇನ್ಯಾರೋ ‘ಅಯ್ಯೋ, ಇದು ಅವಳಿಗೆ ಬರಲ್ಲವಲ್ಲ’ ಎಂದುಬಿಟ್ಟರು. ಆಮೇಲೆ ಏನು ಮಾಡಿದರೂ ಆ ದನಿ ನಿಲ್ಲಲಿಲ್ಲ. ಬೆಳಕಿನ ವಕ್ರೀಭವನ: ಇದು ಬರುತ್ತೆ. ನದಿ ಕಣಿವೆ: ಬಾಯಿಪಾಠ ಮಾಡಿದ್ದಾಳೆ. ತತ್ಸಮ ತದ್ಭವ: ಕೇಳಿದರೆ ರೇಗುತ್ತಾಳೆ. ಪ್ರತಿ ಪ್ರೂಫಿನ ತಲೆಯ ಮೇಲೆ ಆ ವಾರದ ಹೆಸರು, ಕೆಳಗೆ ನನ್ನ ಮಗಳ ಬರುವುದು ಬಾರದಿರುವುದರ ಪಟ್ಟಿ.

ಸಂಜೆ ಮನೆಗೆ ಹೋದರೆ ಅವಳು ಎಣ್ಣೆ ಹಚ್ಚಿದ ತಲೆಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ಕೂತಿರುತ್ತಿದ್ದಳು.

“ಅಮ್ಮಾ, ಈ ಏಣಿ, ಗೋಪುರ, ನೆರಳು ಇವೆಲ್ಲ ಬಿಟ್ಬಿಡ್ತೀನಿ. ಬಂದ್ರೆ ಒಂದು ಲೆಕ್ಕ ಬರುತ್ತೆ ಅಷ್ಟೆ.”

“ಎಲ್ಲಾನೂ ಓದ್ಬೇಕಮ್ಮ.”

“ನೀನು ಎಲ್ಲಾದಕ್ಕೂ ಹಂಗೇ ಅಂತೀಯ.”

ಎಲ್ಲಾನೂ ಓದು ಎಂಬುದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಒಗ್ಗರಣೆ ಸೀದುಹೋಗುವವರೆಗೂ ಒಲೆಯ ಮುಂದೆ ನಿಂತಿದ್ದೆ. ಸುಳ್ಳು ಸಹಿ ಹಾಕಿದವಳಿಗೆ ಇಷ್ಟು ನಿಯತ್ತು ಎಲ್ಲಿಂದ ಬಂತೆಂದು ನನಗೇ ನಗು ಬರುತ್ತಿತ್ತು. ಒಂದು ಸುಳ್ಳಿಗಷ್ಟೇ ನನ್ನಲ್ಲಿ ಜಾಗವಿತ್ತೋ ಏನೋ.

ಮೂರನೇ ವಾರ ಮುಗಿದ ಮೇಲೆ, ಪರೀಕ್ಷೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷಾ ಮಂಡಳಿಯ ವ್ಯಾನುಗಳು ಬಂದವು. ಗಪ್‌ಚುಪ್ ಲೆಕ್ಕಾಚಾರದಲ್ಲಿ ಅವು ವಾರ ವಾರವೂ ಬಂದು ಆಯಾ ವಾರದ ಕಟ್ಟುಗಳನ್ನು ಒಯ್ಯಬೇಕಿತ್ತು. ಆದರೆ ಆ ಲೆಕ್ಕಾಚಾರವನ್ನು ಅವರು ಮಂಡಳಿಗೆ ಹೇಳಿರಲಿಲ್ಲ, ಗುಟ್ಟು ನೋಡಿ. ಹಾಗಾಗಿ ಮೂರೂ ವಾರದ ಇನ್ನೂರ ನಲವತ್ತು ಕಟ್ಟುಗಳು ಗೋದಾಮಿನಲ್ಲಿ ಒಟ್ಟಿಗೇ ಬಿದ್ದಿದ್ದವು. ಎಲ್ಲಕ್ಕೂ ಕರಿ ಪ್ಲಾಸ್ಟಿಕ್, ಎಲ್ಲಕ್ಕೂ ಅರಗಿನ ಸೀಲು. ಚೀಟಿಯ ಮೇಲೆ ತಾರೀಖಿಲ್ಲ, ತಾರೀಖೂ ಗುಟ್ಟು. ಬರೀ ಹಗ್ಗರ್-ಮಗ್ಗರ್, ಹಿಗ್ಗಲ್ಡಿ-ಪಿಗ್ಗಲ್ಡಿ.

ಮಂಡಳಿಯ ಅಧಿಕಾರಿ ಬಾಗಿಲಲ್ಲೇ ನಿಂತು, “ಗಣಿತ ಮೊದಲನೇ ವ್ಯಾನಿಗೆ, ಬೇಗ ಬೇಗ,” ಎಂದು ಹೇಳಿ ಚಹಾ ಕುಡಿಯಲು ಹೋದರು.

ಗಪ್‌ಚುಪ್ ಕಟ್ಟುಗಳ ನಡುವೆ ಹೋಗಿ ನಿಂತರು. ಕಣ್ಣು ಮುಚ್ಚಿದರು. ತೆರೆದರು.

“ಹಗ್ಗರ್-ಮಗ್ಗರ್ ಗಣಿತ,” ಎಂದರು. ಕೂಲಿಯವರು ಬಗ್ಗಿದರು. “ತಡೀರಿ, ತಡೀರಿ. ಅದು ಎರಡನೇ ವಾರ. ಮೊದಲನೇ ವಾರ ಅದು ಭಾಷೆ... ಅಲ್ಲ, ಭಾಷೆ ಹೆಲ್ಟರ್... ಹಿಗ್ಗಲ್ಡಿ...”

“ತಲೇಲಿ ಇದೆ ಅಂದಿದ್ಯಲ್ಲೋ?” ಎಂದರು ಯಜಮಾನರು.

“ಇದೆ ಭಾವ. ಎಲ್ಲಾ ಇದೆ. ಒಟ್ಟಿಗೇ ಇದೆ.”

ಯಜಮಾನರು ಒಂದು ಕಟ್ಟಿನ ಮೇಲೆ ಕುಸಿದು ಕೂತರು. ಕಟ್ಟು ಬಿಚ್ಚಿ ನೋಡುವಂತಿಲ್ಲ. ಸೀಲು ಒಡೆದರೆ ಪತ್ರಿಕೆ ಬಯಲಾದ ಹಾಗೆ. ತಪ್ಪು ಕಟ್ಟು ಹೋಗಿ ಗಣಿತದ ದಿನ ಮಕ್ಕಳ ಕೈಗೆ ಸಮಾಜ ಬಂದರೂ ಬಯಲಾದ ಹಾಗೆ. ಹೇಗಾದರೂ ಇಡೀ ಪರೀಕ್ಷೆ ರದ್ದು. ಎಲ್ಲ ಮಕ್ಕಳೂ ಮತ್ತೆ ಓದಬೇಕು.

“ವಾರ ಯಾವ್ದು ಅಂತ ನಾನು ಹೇಳಬಲ್ಲೆ,” ಎಂದರು ಬೈಂಡರ್ ಅಜ್ಜ ನಿಧಾನವಾಗಿ. “ಮೊದಲ್ನೇ ವಾರ ಬಿಳೀ ಟೇಪು, ಎರಡ್ನೇ ವಾರ ಕೆಂಪು, ಮೂರನೇ ವಾರ ಹಸಿರು.”

“ಟೇಪಿನ ಬಣ್ಣ ಯಾಕೆ ಬದಲಾಯ್ತು? ಯಾರು ಪರ್ಮಿಷನ್ ಕೊಟ್ರು?” ಎಂದು ಗಪ್‌ಚುಪ್ ಅಷ್ಟರಲ್ಲೂ ರೇಗಿದರು.

“ಅಂಗಡೀಲಿ ಬಿಳೀದು ಖಾಲಿ ಆಯ್ತು ಸಾಹೇಬ್ರೆ. ಪಾಪ, ಅಂಗಡಿಯವನಿಗೆ ನಮ್ಮ ಗುಟ್ಟು ಗೊತ್ತಿರ್ಲಿಲ್ಲ.”

ಅರ್ಧ ಗಂಟೆಯಲ್ಲಿ ಬಣ್ಣ ಮತ್ತು ಹೆಸರು ನೋಡಿ ಹನ್ನೆರಡು ಗುಡ್ಡೆ ಮಾಡಿದೆವು. ಒಂದೊಂದು ಗುಡ್ಡೆಯಲ್ಲೂ ಒಂದೇ ವಿಷಯ. ಯಾವ ವಿಷಯ?

“ಪ್ರೂಫ್ ನೋಡಿದವ್ರು ಯಾರು?” ಎಂದರು ಯಜಮಾನರು.

ಸಮಸಾಲಿನವರು ಒಂದು ಹೆಜ್ಜೆ ಮುಂದೆ ಬಂದರು. “ನಾನು ಅರ್ಥ ಓದಿಲ್ಲ ಯಜಮಾನ್ರೆ. ಹದಿನೆಂಟು ವರ್ಷದಿಂದ ಓದಿಲ್ಲ.”

“ಅಂಕಿ ಇರೋದು ಗಣಿತ ಅಂತಾದ್ರೂ ಗೊತ್ತಾಗ್ಲಿಲ್ವೇನ್ರೀ?”

“ಅಂಕಿ ಎಲ್ಲಾದ್ರಲ್ಲೂ ಇದ್ವು. ಸಮಾಜದಲ್ಲಿ ಇಸವಿ ಇರಲ್ವೇ? ಅಂಕಿ ನೆಟ್ಟಗಿದೆಯಾ ಅಂತ ನೋಡ್ದೆ, ಅಷ್ಟೆ.” ಅವರ ಮುಖದಲ್ಲಿ ಭಯವಿರಲಿಲ್ಲ. ಒಂದು ಥರದ ಹೆಮ್ಮೆಯಿತ್ತು.

ಮೆಷಿನ್ನಿನವರನ್ನು ಕೇಳಿದರು. “ಕನ್ನಡಕ ಬುಟ್ಟೀಲಿತ್ತು,” ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ನನಗೆ ಹನ್ನೆರಡೂ ಗೊತ್ತಿತ್ತು. ‘ನಾನೂ ಅರ್ಥ ಓದಿಲ್ಲ’ ಎಂದರೆ ಮುಗಿಯುತ್ತಿತ್ತು; ಪರೀಕ್ಷೆ ಹಾಳಾದರೆ ಗಪ್‌ಚುಪ್ ತಲೆಗೆ, ನನ್ನ ಕುರ್ಚಿ ನನಗೆ. ಮನೆಯಲ್ಲಿ ಮಗಳು ಕಡೆಯ ಎರಡು ದಿನಕ್ಕೆಂದು ಗೋಡೆಯ ತುಂಬ ಚೀಟಿ ಅಂಟಿಸಿಕೊಂಡಿದ್ದಳು. ಕಣ್ಣ ಕೆಳಗೆ ಕಪ್ಪು. ಇನ್ನೊಂದು ಸಲ ಇದೆಲ್ಲ ಮಾಡು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಅವಳಂಥವರು ಇನ್ನೆಷ್ಟು ಸಾವಿರವೋ.

“ಬಿಳೀ ಟೇಪಿನ ಹಗ್ಗರ್-ಮಗ್ಗರ್ ಗಣಿತ,” ಎಂದೆ.

ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹನ್ನೆರಡು ಗುಡ್ಡೆಗೂ ಹೆಸರು ಹೇಳಿಬಿಟ್ಟೆ. ಅಜ್ಜ ಒಂದೊಂದು ಗುಡ್ಡೆಯಿಂದ ಒಂದೊಂದು ಕಟ್ಟು ಎತ್ತಿ ಕೈಯಲ್ಲಿ ತೂಗಿದರು. “ಸಮಾಜ ಅಂದ ಮೂರೂ ಉಳಿದೋವಕ್ಕಿಂತ ದಪ್ಪ. ಭೂಪಟ ಇರೋದು ಅದಕ್ಕೇ ತಾನೇ? ಅಮ್ಮ ಹೇಳಿದ್ದು ಸರಿಯಾಗಿದೆ.”

“ನಿಮ್ಗೆ ಹೇಗೆ ಗೊತ್ತು?” ಎಂದರು ಗಪ್‌ಚುಪ್. ಮೊದಲ ಬಾರಿಗೆ ಅವರ ದನಿ ಪಿಸುಗುಟ್ಟುತ್ತಿರಲಿಲ್ಲ.

“ಆ ವಾರ ಏಣಿ ಲೆಕ್ಕದ ತಲೆ ಮೇಲೆ ಆ ಹೆಸರಿತ್ತು.”

“ಏಣಿ ಲೆಕ್ಕ ಯಾಕೆ ನೆನಪಿದೆ?”

“ನನ್ನ ಮಗಳಿಗೆ ಬರಲ್ಲ ಅದು.”

ಹೇಳಿದ ಮೇಲೆ ಹೇಳಿದ್ದೇನೆಂದು ಗೊತ್ತಾಯಿತು. ಯಜಮಾನರು ನನ್ನನ್ನೇ ನೋಡಿದರು. ಅಜ್ಜ ಕೆಮ್ಮಿ, “ಇಲ್ಲಿ ಧೂಳು ಜಾಸ್ತಿ,” ಎಂದರು. ಅವರ ಮೊಮ್ಮಗಳೂ ಮೆಷಿನ್ನಿನವರೊಬ್ಬರ ತಂಗಿಯೂ ನನ್ನ ಮಗಳ ತರಗತಿಯಲ್ಲೇ ಇದ್ದಾರೆ. ಅಜ್ಜ, ಆ ಮೆಷಿನ್ನಿನವರು ಇಬ್ಬರೂ ಆಗ ತಲೆಯೆತ್ತಿ ಗೋದಾಮಿನ ಛಾವಣಿಯಲ್ಲಿ ಏನೋ ಹುಡುಕುತ್ತಿದ್ದರು.

ವ್ಯಾನುಗಳು ಹೊರಟವು. ನನ್ನನ್ನು ಯಜಮಾನರ ಕೋಣೆಗೆ ಕರೆದರು. ಗಪ್‌ಚುಪ್ ಬಾಗಿಲು ಹಾಕಿ, ಚಿಲಕ ಹಾಕಿ, ಬೀಗದ ಕಿಂಡಿಗೆ ಕಾಗದ ತುರುಕಿದರು.

“ಮಗಳಿಗೆ ಏನಾದ್ರೂ ಹೇಳಿದ್ದೀಯೇನಮ್ಮ?” ಎಂದರು ಯಜಮಾನರು.

“ಹೇಳಿದ್ರೆ ಅವಳಿಗೆ ಆ ಲೆಕ್ಕ ಬರ್ತಿತ್ತು ಯಜಮಾನ್ರೆ.”

ಅವರು ತಲೆ ತೂಗಿದರು. ನಂಬಿದರೆಂದೇ ಅನ್ನಿಸಿತು. ನಂಬಿದ ಮೇಲೂ, “ಆದ್ರೂ ಸುಳ್ಳು ಸಹಿ ಹಾಕಿದ್ದೀಯ. ಬಿಟ್ಟರೆ ನಾಳೆ ಎಲ್ರೂ ಹಾಕ್ತಾರೆ,” ಎಂದರು. ಎಲ್ಲರೂ ಆಗಲೇ ಹಾಕಿದ್ದಾರೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಕೆಲಸದಿಂದ ತೆಗೀಲೇಬೇಕು. ಪತ್ರ ಬರಿ,” ಎಂದು ಬಾಮೈದನಿಗೆ ಹೇಳಿದರು.

ಗಪ್‌ಚುಪ್ ಪೆನ್ನು ತೆಗೆದರು. “ಮಗಳು ಪರೀಕ್ಷೆ ಬರೀತಿರೋ ವಿಷಯ ಮುಚ್ಚಿಟ್ಟಿದ್ದಕ್ಕೆ...”

“ಯಾವ ಪರೀಕ್ಷೆ ಅಂತ ಮಂಡಳಿಯವ್ರು ಕೇಳಲ್ವೇನೋ? ಹೊಡಿ ಅದನ್ನ.”

“ಪ್ರಶ್ನೆಗಳ ಅರ್ಥ ಓದಿದ್ದಕ್ಕೆ...”

“ಪತ್ರಿಕೆ ಸೋರಿಕೆ ಆಯ್ತು ಅಂತ ನಾವೇ ಬರ್ಕೊಟ್ಟ ಹಾಗಾಗುತ್ತೆ. ಹೊಡಿ.”

“ಕಟ್ಟುಗಳನ್ನ ಗುರುತಿಸಿದ್ದಕ್ಕೆ...”

“ಗುರುತಿಸೋ ಹಂಗೆ ಯಾಕಾಯ್ತು? ಅದನ್ನೂ ಬರೀತೀಯಾ?”

ಗಪ್‌ಚುಪ್ ಅದನ್ನೂ ಹೊಡೆದರು. ಕೊನೆಗೆ ಕಾಗದದಲ್ಲಿ ಉಳಿದದ್ದು ‘ಮಾನ್ಯರೇ’ ಮತ್ತು ‘ಇಂತಿ’. ಅದನ್ನು ಯಜಮಾನರು ಸಹಿ ಮಾಡಿ ಕೊಟ್ಟರು. ನಾನು ಅಭ್ಯಾಸಬಲದಿಂದ ಮೇಲಿಂದ ಕೆಳಗೆ ಕಣ್ಣಾಡಿಸಿದೆ. ತಪ್ಪಿರಲಿಲ್ಲ.

“ಈ ವಿಷಯ ನಮ್ಮ ಮೂವರಲ್ಲೇ ಇರ್ಬೇಕು,” ಎಂದರು ಗಪ್‌ಚುಪ್. “ವಾಚ್‌ಮನ್‌ಗೂ ಹೇಳಬಾರ್ದು. ಸಂಬಳ ಮಾಡೋರಿಗೂ ಹೇಳಬಾರ್ದು. ಹೇಳಿದ್ರೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ.”

“ಆಯ್ತು ಸಾರ್,” ಎಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಕಾಗದ ಬಿಚ್ಚಿದೆ. ಅಳು ಬರಬೇಕಿತ್ತು. ಬಾಡಿಗೆ, ಅಕ್ಕಿ, ಮಗಳ ಮುಂದಿನ ಓದು ಎಲ್ಲ ಕಣ್ಣ ಮುಂದೆ ಬಂದವು. ಆದರೆ ಆ ಖಾಲಿ ಜಾಗ ನೋಡುತ್ತ ನೋಡುತ್ತ ಬೇರೆಯೇ ಒಂದು ಯೋಚನೆ ಬಂತು. ಮನೆಗೆ ಹೋಗಿ ಮಗಳಿಗೆ ಬಿಸಿಬಿಸಿ ಅನ್ನ ಬಡಿಸಿ, ಏನೂ ಹೇಳದೆ ಮಲಗಿದೆ.

ಮರುದಿನ ಎಂದಿನ ಬಸ್ಸಿಗೆ ಪ್ರೆಸ್ಸಿಗೆ ಹೋದೆ. ವಾಚ್‌ಮನ್, “ಏನಕ್ಕಾ, ಇವತ್ತು ಐದು ನಿಮಿಷ ಲೇಟು?” ಎಂದು ಗೇಟು ತೆಗೆದ. ಅವನಿಗೆ ಯಾರೂ ಹೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿತ್ತು. ಹೊಡೆದುಹಾಕಿದರೆ ಗುಮಾಸ್ತ ಯಾಕೆಂದು ಕೇಳುತ್ತಿದ್ದ. ಸಹಿ ಹಾಕಿದೆ. ಮೇಜಿನ ಮೇಲೆ ಹೊಸ ಪ್ರೂಫ್ ಬಂದಿತ್ತು. ಕೂತು ಓದತೊಡಗಿದೆ.

ಯಜಮಾನರು ಬಾಗಿಲಲ್ಲಿ ನನ್ನನ್ನು ಕಂಡು ಬಾಯಿ ತೆರೆದರು. ಸಮಸಾಲಿನವರು ಪಕ್ಕದಲ್ಲೇ ಇದ್ದರು. ಬಾಯಿ ಮುಚ್ಚಿಕೊಂಡು ಹೋದರು.

ಪರೀಕ್ಷೆ ನಡೆಯಿತು. ಗಣಿತದ ದಿನ ಗಣಿತವೇ ಬಂತು. ಮಗಳು ಮನೆಗೆ ಬಂದು ಚೀಲ ಎಸೆದು, “ಒಂದು ಲೆಕ್ಕ ಬಿಟ್ಟೆ,” ಎಂದಳು. “ಹೌದಾ? ಯಾವ್ದು?” ಎಂದೆ. ಕೇಳುವಾಗ ನನ್ನ ದನಿ ನನಗೇ ಗಪ್‌ಚುಪ್ ದನಿಯ ಹಾಗೆ ಕೇಳಿಸಿತು.

ಈಗ ಎರಡು ತಿಂಗಳಾಯಿತು. ಸಂಬಳವೂ ಎರಡು ಸಲ ಬಂತು. ಕಾಯಂ ಆಗುವ ಮಾತು ಮಾತ್ರ ಯಾರೂ ಎತ್ತಿಲ್ಲ. ತೆಗೆದುಹಾಕಿದವಳನ್ನು ಕಾಯಂ ಮಾಡುವುದು ಹೇಗೆ? ಮುಂದಿನ ವರ್ಷದ ಗುಟ್ಟಿನ ಉಸ್ತುವಾರಿಯೂ ಗಪ್‌ಚುಪ್ ಅವರದ್ದೇ. ಈ ಸಲ ಒಂದೂ ಕಟ್ಟು ತಪ್ಪಿ ಹೋಗಲಿಲ್ಲವಲ್ಲ ಎಂದು ಮಂಡಳಿಯವರು ಅವರನ್ನು ಹೊಗಳಿ ಪತ್ರ ಬರೆದಿದ್ದಾರೆ.

ನಿನ್ನೆ ಮಧ್ಯಾಹ್ನ ನೀರು ಕುಡಿಯಲು ಹೋದಾಗ ಅವರು ಎದುರಾದರು. ಹಿಂದೆ ಮುಂದೆ ನೋಡಿ ಹತ್ತಿರ ಬಂದರು.

“ನೀವು ಕೆಲಸದಲ್ಲಿಲ್ಲ, ನೆನಪಿದೆ ತಾನೇ?”

“ನೆನಪಿದೆ ಸಾರ್.”

“ಯಾರಿಗೂ ಹೇಳಿಲ್ಲ ತಾನೇ?”

“ಇಲ್ಲ ಸಾರ್.”

“ಗುಡ್,” ಎಂದರು. “ಆ ಡೈರಿ ಪ್ರೂಫ್ ಸಂಜೆಯೊಳಗೆ ಮುಗಿಸ್ಬಿಡಿ.”